ಅಜ್ಜನ ದವಡೆ ಹಲ್ಲು

ತಂಗಿಯ ಮಗಳು ಹಲ್ಲಿನ ಡಾಕ್ಟರಿಕೆ ಓದುತ್ತಾಳೆ, ಬಿಡಿಎಸ್ ಮೂರನೇ ವರ್ಷ. ಮೊನ್ನೆ ಹುಬ್ಬಳ್ಳಿಯಿಂದ ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಬಂದವಳು, ನಾನು ಚಹಾಕ್ಕೆ ಎರಡನೇ ಚಮಚ ಸಕ್ಕರೆ ಹಾಕುವುದನ್ನು ನೋಡಿ ಹುಬ್ಬು ಗಂಟಿಕ್ಕಿದಳು.

"ಮಾಮಾ, ಎಷ್ಟು ಸಿಹಿ ತಿಂತೀರಿ ಅನ್ನೋದಕ್ಕಿಂತ ಎಷ್ಟು ಸಲ ತಿಂತೀರಿ ಅನ್ನೋದ ಮುಖ್ಯ. ಪ್ರತಿ ಸಲಾನೂ ಅರ್ಧ ತಾಸು ಹಲ್ಲಿನ ಮ್ಯಾಲೆ ಆಸಿಡ್ ಇರ್ತದ."

ಹೇಳುತ್ತಲೇ ಲೈನ್ ಬಜಾರಿನ ಪೇಢೆ ಪೊಟ್ಟಣದಿಂದ ಮೂರನೆಯದನ್ನು ಎತ್ತಿದಳು. ಬಾಯಿ ತೆರೆದಾಗ ಕೆಳದವಡೆಯಲ್ಲಿ ಎರಡು ಫಿಲ್ಲಿಂಗ್ ಮಿಂಚಿದವು.

"ನಮ್ಮ ಕ್ಲಾಸಿನ್ಯಾಗ ಯಾರಿಗಿಲ್ಲ ಹೇಳ್ರಿ! ಮೊದಲ ಸಲ ಕನ್ನಡಿ ಹಿಡಿದು ನೋಡಿದ್ದ ಒಬ್ಬರ ಬಾಯಿ ಒಬ್ಬರು. ಅವತ್ತ ಎಲ್ಲಾರ ಬಂಡವಾಳ ಬಯಲಾತು."

ನನಗೆ ಸಿಟ್ಟೇ ಬಂತು. ಹೋದ ವರ್ಷ ಒಂದು ಡೆಂಟಲ್ ಕಾಲೇಜಿನಲ್ಲಿ ಕಲಿಯುವ ಹುಡುಗರ ಕೈಗೆ ಸಿಕ್ಕು, ಕುರ್ಚಿಯಲ್ಲಿ ಒಂದು ಹಲ್ಲಿಗಾಗಿ ಮೂರು ತಾಸು ಬಾಯಿ ಕಳೆದು ಮಲಗಿದ್ದೆ. ಕೊರೆದರೆ ಸರ್ ಬರಬೇಕು, ತುಂಬಿದರೆ ಸರ್ ಬರಬೇಕು, ಸಹಿ ಆಗಬೇಕು. ಅಷ್ಟೂ ಹೊತ್ತು ಮಾಸ್ಕಿನ ಹಿಂದಿನಿಂದ ಉಪದೇಶ. ಆ ಮಾಸ್ಕನ್ನು ಒಮ್ಮೆ ಸರಿಸಿ ನೋಡಬೇಕಿತ್ತು.

ಹಲ್ಲು ಅಂದಾಗ ನಮ್ಮ ಅಪ್ಪನ ಕತೆ ಹೇಳಲೇಬೇಕು. ಮೊದಲು ಮೇಣದಲ್ಲಿ ಹಲ್ಲು ಕೆತ್ತುತ್ತಿದ್ದ ಈ ಹುಡುಗಿಗೆ ಆಮೇಲೆ ಕೊರೆದು ಕಲಿಯಲು ನಿಜವಾದ ಹಲ್ಲೇ ಬೇಕಾದವು. ಕಿತ್ತ ಹಲ್ಲು ಕೊಡಿ ಅಂತ ಬಳಗದ ಮನೆಗಳಿಗೆಲ್ಲ ಹೇಳಿಟ್ಟಿದ್ದಳು. ಅದೇ ಹೊತ್ತಿಗೆ ಅಪ್ಪನ ದವಡೆ ಹಲ್ಲೊಂದು ಅಲುಗಾಡತೊಡಗಿತು. ದಿನಾ ಸಂಜೆ ಫೋನು. "ಅಜ್ಜಾ, ಹೆಂಗದ?" ಅಪ್ಪನಿಗೆ ಖುಷಿಯೋ ಖುಷಿ. ಮೊಮ್ಮಗಳಿಗೆ ಎಷ್ಟು ಕಾಳಜಿ ಅಂತ ಓಣಿಗೆಲ್ಲ ಹೇಳಿದರು. ಅವಳು ಕೇಳುತ್ತಿದ್ದದ್ದು ಹಲ್ಲಿನ ಕ್ಷೇಮ ಅಂತ ತಿಳಿದ ದಿನ ಮಾತು ಬಿಟ್ಟರು. ಹಲ್ಲು ಬಿದ್ದ ದಿನ, ಎಂಬತ್ತರ ಮುದುಕ, ಹುಡುಗರ ಹಾಗೆ ಅದನ್ನು ಹಂಚಿನ ಮೇಲೆ ಎಸೆದರು. "ಹೊಸಾದು ಬರಲಿ!"

ಅವಳು ಏಣಿ ಹಾಕಿ ಹತ್ತಿದಳು. ಕೆಳಗೆ ಅಪ್ಪ ಬೈಯುತ್ತಿದ್ದರು. ಸಿಕ್ಕಿತು. ಮುಂಡರಗಿ ಕಡೆಯ ಫ್ಲೋರೈಡ್ ನೀರು ಕುಡಿದು ಬೆಳೆದವರ ಹಲ್ಲು. ಕಂದು ಕಲೆಗಳೇ ಕಲೆಗಳು. ಆದರೆ ಒಂದು ಸಣ್ಣ ಹುಳುಕೂ ಇಲ್ಲ. ಕಲಿಯಲು ಗಟ್ಟಿ ಹಲ್ಲೇ ಬೇಕಂತೆ. ತನ್ನ ಬಾಯಲ್ಲಿ ಸಿಗದ್ದನ್ನು ಹಂಚಿನ ಮೇಲೆ ಹುಡುಕಿದಳು.

ಇಷ್ಟೆಲ್ಲ ಓದಿದವರ ಹಲ್ಲೇ ಯಾಕೆ ಹುಳುಕುತ್ತದೆ ಅಂತ ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಬಸ್ಸಿಗೆ ಹೊತ್ತಾಯಿತು ಅಂತ ಎದ್ದಳು. ಪೊಟ್ಟಣದಲ್ಲಿ ನಾಲ್ಕು ಪೇಢೆ ಉಳಿದಿದ್ದವು. ನಾಲ್ಕನ್ನೂ ಒಟ್ಟಿಗೇ ತಿಂದೆ. ಅವಳ ಲೆಕ್ಕದಲ್ಲಿ ಅದು ಒಂದೇ ಸಲ, ಅಲ್ವಾ?