ಎಫ್ ಕಾರ್ಡಿಗೊಂದು ಕಾಲುದಾರಿ

ಬಳ್ಳಾರಿಯಲ್ಲಿ ಯಾರ ಮನೆಗೆ ಹೋದರೂ, ಗೋಡೆಗೆ ನೇತುಹಾಕಿದ ಗಿಟಾರು ಕಂಡರೆ ನಾನು ಕೇಳುವುದು ಒಂದೇ: "ಎಫ್ ತನಕ ಬಂದಿತ್ತಾ?" ಅವರು ನಗುತ್ತಾರೆ. ಇ ಮೈನರ್, ಜಿ, ಸಿ, ಡಿ ಕಾರ್ಡುಗಳನ್ನೆಲ್ಲ, ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗುಂಪುಗಳನ್ನು, ಕಲಿತಿರುತ್ತಾರೆ. ಆಮೇಲೆ ಎಫ್ ಬಂತು, ಗಿಟಾರು ಮೊಳೆ ಸೇರಿತು.

ಪುಸ್ತಕದ ಎಫ್‌ಗೆ ತೋರುಬೆರಳನ್ನು ಮೊದಲನೇ ಮನೆಯಲ್ಲಿ (ಗಿಟಾರಿನ ಕತ್ತಿನ ಮೇಲೆ ಲೋಹದ ಪಟ್ಟಿಗಳ ನಡುವಿನ ಜಾಗವೇ ಮನೆ) ಅಡ್ಡ ಮಲಗಿಸಿ ಆರೂ ತಂತಿ ಒತ್ತಬೇಕು. ಅದರ ಮುಂದೆ ಉಳಿದ ಮೂರು ಬೆರಳು. ನಮ್ಮ ಏಪ್ರಿಲ್ ಬಿಸಿಲಲ್ಲಿ, ಕರೆಂಟು ಹೋದ ಹೊತ್ತಲ್ಲಿ, ಬೆವರು ಕೈಯಲ್ಲಿ ಸ್ಟೀಲ್ ತಂತಿ ಒತ್ತಿ ನೋಡಿ. ಡಬ್ ಡಬ್ ಅನ್ನುತ್ತದೆ, ನಾದ ಬರಲ್ಲ.

ಇಷ್ಟು ಕಷ್ಟಪಟ್ಟು ಹಿಡಿಯುವ ಎಫ್‌ನಲ್ಲಿ ಇರುವ ಸ್ವರ ಮೂರೇ: ಎಫ್, ಎ, ಸಿ. ಮೊದಲ ಪಂಕ್ತಿಯಲ್ಲಿ ಉಂಡವರೇ ಎರಡನೇ ಪಂಕ್ತಿಗೂ ಕೂತ ಹಾಗೆ, ಆರು ತಂತಿಯಲ್ಲಿ ಎಫ್ ಮೂರು ಸಲ, ಸಿ ಎರಡು ಸಲ ಬರುತ್ತದೆ. ದಪ್ಪ ತಂತಿ ಎರಡನ್ನು ಬಿಟ್ಟರೂ ಕಾರ್ಡಿಗೆ ನಷ್ಟ ಇಲ್ಲ. ಇನ್ನೂ ಸುಲಭ ಬೇಕಾ? ಸಿ ಹಿಡಿದಿರಿ. ತೋರುಬೆರಳು ಅಲ್ಲೇ ಇರಲಿ. ಉಳಿದೆರಡು ಬೆರಳನ್ನು ಅದೇ ಮನೆಗಳಲ್ಲಿ ಒಂದೊಂದು ತಂತಿ ಕೆಳಗಿಳಿಸಿ, ಕೆಳಗಿನ ನಾಲ್ಕು ತಂತಿ ಮಾತ್ರ ಮೀಟಿ. ಇದು ಎಫ್ ಮೇಜರ್ ಸೆವೆನ್. ಒತ್ತದೆ ಬಿಟ್ಟ ಸಣ್ಣ ತಂತಿಯ ಇ ಸೇರಿ ದನಿ ಸ್ವಲ್ಪ ಮೆತ್ತಗಾಗುತ್ತದೆ. ಹಾಡಿನ ಸ್ವರ ಎಫ್ ಮೇಲೇ ನಿಂತಿದ್ದರೆ ಈ ಇ ಅದಕ್ಕೆ ತಗುಲಿ ಕಿರಿಕಿರಿ ಆಗುತ್ತದೆ. ಆಗ ಸಣ್ಣ ತಂತಿಯನ್ನೂ ಬಿಡಿ. ಉಳಿದ ಮೂರು ತಂತಿಯಲ್ಲಿ ಎಫ್, ಎ, ಸಿ ಮೂರೂ ಇವೆ.

ಬಿ ಮೈನರ್ ಇನ್ನೊಂದು ಪೀಡೆ. ಅದರ ಬದಲು ಬಿ ಮೈನರ್ ಸೆವೆನ್: ಸಣ್ಣ ತಂತಿಯಿಂದ ಎಣಿಸಿ ಐದು, ಮೂರು, ಒಂದನೇ ತಂತಿಗಳನ್ನು ಎರಡನೇ ಮನೆಯಲ್ಲಿ ಒತ್ತಿ. ನಡುನಡುವಿನ ನಾಲ್ಕು, ಎರಡನೇ ತಂತಿ ಖಾಲಿ. ಆರನೆಯದು ಬೇಡ.

"ಇದು ಮೋಸ ಅಲ್ಲೇನಣ್ಣಾ?" ಅಂತ ಪಕ್ಕದ ಮನೆ ಹುಡುಗ ಕೇಳಿದ. ಸ್ವಂತ ಹಾಡು ಕಟ್ಟುವ ಹುಚ್ಚು ಅವನಿಗೆ. ರಾಯಚೂರು, ಕೊಪ್ಪಳದ ಕಡೆ ತತ್ವಪದ ಹಾಡುವವರ ಏಕತಾರಿ ನೋಡಪ್ಪಾ ಅಂದೆ. ಒಂದೇ ತಂತಿ. ತಂಬೂರಿಯಲ್ಲೂ ಸಾಮಾನ್ಯವಾಗಿ ಸಾ, ಪ ಎರಡೇ. ರಾಕ್‌ನವರು ಪವರ್ ಕಾರ್ಡ್ ಅಂತ ಅಬ್ಬರಿಸುವುದೂ ಅದೇ ಸಾ, ಪ. ರಾತ್ರಿಯಿಡೀ ಭಜನೆ ಆ ಏಕತಾರಿ, ತಂಬೂರಿ ಮೇಲೇ ನಡೆಯುತ್ತದೆ. ಹಾಡು ಕಟ್ಟುವಾಗ ತಲೆ ಸಾಲಿನ ಮೇಲಿರಬೇಕು. ಬೆರಳಿನ ಚಿಂತೆ ಹತ್ತಿದರೆ ಮುಂದಿನ ಸಾಲು ಹಾರಿಹೋಗುತ್ತದೆ.

ನಾಟಕದ ಪೇಟಿ ಮಾಸ್ತರು ಇದನ್ನೆಲ್ಲ ಯಾವತ್ತೋ ಬಗೆಹರಿಸಿದ್ದಾರೆ. ಹಾಡುವವರ ಶ್ರುತಿ ಕರಿ ಐದು (ಪೇಟಿಯ ಐದನೇ ಕರಿ ಮನೆ) ಅಂದರೆ ಕರಿ ಐದು. ಸ್ಕೇಲ್ ಚೇಂಜರ್ ಪೇಟಿಯಾದರೆ ಮನೆಗಳ ಸಾಲನ್ನೇ ಸರಿಸಿ, ತಮಗೆ ರೂಢಿಯಾದ ಜಾಗದಲ್ಲೇ ಬೆರಳಾಡಿಸುತ್ತಾರೆ. ಅವರನ್ನು ಯಾರೂ ಮೋಸಗಾರ ಅನ್ನಲಿಲ್ಲ. ಗಿಟಾರಿನಲ್ಲಿ ಆ ಕೆಲಸ, ಎಲ್ಲ ತಂತಿಯನ್ನೂ ಒಂದೇ ಮನೆಯಲ್ಲಿ ಒತ್ತಿ ಹಿಡಿಯುವ ಕೇಪೋ ಎಂಬ ಕ್ಲಿಪ್ಪಿನದು. ಕರಿ ಐದಕ್ಕೆ ಮೊದಲನೇ ಮನೆಯಲ್ಲಿ ಕೇಪೋ ಹಾಕಿ ಎ, ಡಿ, ಇ ನುಡಿಸಿ. ಕರಿ ಒಂದಕ್ಕೆ ನಾಲ್ಕನೇ ಮನೆಗೆ ಸರಿಸಿ, ಮತ್ತೆ ಅದೇ ಎ, ಡಿ, ಇ. ಗಿಟಾರು ಕೊಳ್ಳುವಾಗ ಬಣ್ಣದ ಬೆಲ್ಟು ಬಿಟ್ಟು ಮೊದಲು ಇದನ್ನು ಕೊಳ್ಳಿ.

ಪೂರ್ತಿ ಎಫ್ ಬೇಡವೇ ಬೇಡ ಅಂತಲ್ಲ. ಅದೇ ಆಕಾರವನ್ನು ಮೇಲೆ ಕೆಳಗೆ ಜಾರಿಸಿದರೆ ಎಲ್ಲ ಮೇಜರ್ ಕಾರ್ಡೂ ಸಿಗುತ್ತವೆ, ಅದು ಸಣ್ಣ ಲಾಭ ಅಲ್ಲ. ಆದರೆ ಮೊದಲನೇ ಮನೆಯಿಂದ ಶುರು ಮಾಡಿಸುವ ಮಾಸ್ತರರ ಮೇಲೆ ನನಗೆ ಸಿಟ್ಟಿದೆ. ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ, ಅಂದರೆ ನಟ್ಟಿನ ಪಕ್ಕದಲ್ಲೇ ತಂತಿ ಒತ್ತುವುದು ಅತಿ ಕಷ್ಟ. ಐದನೇ ಮನೆಯಲ್ಲಿ ಹಿಡಿದರೆ ಅದೇ ಆಕಾರ ಎ ಆಗುತ್ತದೆ, ಅರ್ಧ ಕಷ್ಟಕ್ಕೆ. ಅಲ್ಲಿಂದ ಒಂದೊಂದೇ ಮನೆ ಇಳಿಯುತ್ತ ಬನ್ನಿ. ಎರಡನೇ ಮನೆ ತನಕ ಚೆನ್ನಾಗಿ ನುಡಿದು ಮೊದಲನೆಯದರಲ್ಲಿ ಮಾತ್ರ ಸತ್ತರೆ, ರಿಪೇರಿಯವರ ಹತ್ತಿರ ಒಯ್ದು ನಟ್ಟಿನ ಕಚ್ಚು ಸ್ವಲ್ಪ ಆಳ ಮಾಡಿಸಿ. ಅಗ್ಗದ ಗಿಟಾರುಗಳಲ್ಲಿ ತಂತಿ ಅಲ್ಲಿ ಎತ್ತರಕ್ಕೇ ಕೂತಿರುವುದು ಜಾಸ್ತಿ. ಸುಮ್ನೆ ಬೆರಳನ್ನು ಬೈದುಕೊಂಡು ಏನು ಉಪಯೋಗ?