ಬೆಂಗಳೂರಿನ ಆಚೆ ಎಂದರೆ ಎಲ್ಲಿ ಮಾರಾಯ್ರೆ?

ನಮ್ಮ ಅಜ್ಜಿಗೆ ಸಕಲೇಶಪುರವೂ ಘಟ್ಟದ ಮೇಲೆ, ಬೆಂಗಳೂರೂ ಘಟ್ಟದ ಮೇಲೆ, ದಿಲ್ಲಿಯೂ ಹೆಚ್ಚುಕಡಿಮೆ ಅಲ್ಲೇ ಎಲ್ಲೋ. ಆಚೆಯವರು ಅಂದರೆ ಅವರು, ಈಚೆಯವರು ನಾವು. ಈ ಲೆಕ್ಕ ಎಂದೂ ತಪ್ಪಿರಲಿಲ್ಲ. ಈಗ ಸರಕಾರ, ಐಟಿ ಉದ್ಯಮವನ್ನು ಬೆಂಗಳೂರಿನ ಹೊರಗೂ ಬೆಳೆಸುವ ಯೋಜನೆ ಹಾಕಿ, ನಮಗೇ ‘ಬಿಯಾಂಡ್ ಬೆಂಗಳೂರು’ ಎಂದು ಹೆಸರಿಟ್ಟಿದೆ. ಮೈಸೂರು, ಹುಬ್ಬಳ್ಳಿ–ಧಾರವಾಡ–ಬೆಳಗಾವಿ, ಮಂಗಳೂರಿನ ನಾವು, ಎಲ್ಲರೂ ಒಂದೊಂದು ಕ್ಲಸ್ಟರು. ಮಗುವಿಗೆ ‘ಪಕ್ಕದ ಮನೆಯದ್ದಲ್ಲ’ ಎಂದು ಹೆಸರಿಟ್ಟು ತೊಟ್ಟಿಲು ತೂಗಿದ ಹಾಗೆ.

ಈ ಮಗುವಿನ ಬೆಳವಣಿಗೆಯ ಬಗ್ಗೆ ಮೊನ್ನೆ ಮಂಗಳೂರಿನ ದೊಡ್ಡ ಹೋಟೆಲೊಂದರಲ್ಲಿ ವಿಚಾರ ಸಂಕಿರಣ ಇತ್ತು. ‘ಪ್ರಾದೇಶಿಕ ನಾವೀನ್ಯತೆಯಿಂದ ಆರ್ಥಿಕ ಜಿಗಿತ’ ಎಂಬುದು ವಿಷಯ. ಮಾತಾಡುವವರು ಆರು ಜನ. ಐವರು ಬೆಂಗಳೂರಿನವರು. ಆರನೆಯವರು ನಮ್ಮವರೇ, ಇಪ್ಪತ್ತು ವರ್ಷದಿಂದ ಬೆಂಗಳೂರಿನಲ್ಲಿ ಇದ್ದಾರೆ. ಮುಖ್ಯ ಅತಿಥಿಗಳ ವಿಮಾನ ಮಳೆಗೆ ರನ್‌ವೇ ಕಾಣದೆ ಬಜ್ಪೆಯ ಮೇಲೆ ಎರಡು ಸುತ್ತು ಹಾಕಿ ವಾಪಸು ಹೋಯಿತು. ಬೆಂಗಳೂರಿನ ಆಚೆಯನ್ನು ಮೇಲಿನಿಂದಲೇ ಕಂಡು ಬೆಂಗಳೂರಿಗೇ ಇಳಿದ ಅವರು ಪರದೆಯ ಮೇಲೆ ಪ್ರತ್ಯಕ್ಷರಾದರು. ನಾಲ್ಕನೆಯ ವಾಕ್ಯಕ್ಕೆ ಬಾಯಿ ತೆರೆದ ಸ್ಥಿತಿಯಲ್ಲೇ ನಿಂತುಬಿಟ್ಟರು. ನಿರೂಪಕಿ ಚಪ್ಪಾಳೆ ಹೊಡೆಸಿದರು. ಮಾತು ಮುಗಿದದ್ದೋ ನೆಟ್‌ವರ್ಕ್ ಮುಗಿದದ್ದೋ ಎಂದು ಯಾರೂ ಕೇಳಲಿಲ್ಲ. ಗೋಳಿಬಜೆ ಬಿಸಿ ಇತ್ತು.

ಆಮೇಲೆ ಬಂತು ‘ಸಿಲಿಕಾನ್ ಬೀಚ್’ ಎಂಬ ಸ್ಲೈಡು. ಹಿಂದೆ ನೀಲಿ ಕಡಲು, ಬಿಳಿ ಮರಳು, ಲ್ಯಾಪ್‌ಟಾಪ್ ಹಿಡಿದು ಕೂತ ಒಬ್ಬ ಬರಿಗಾಲಿನ ಯುವಕ. ಕಡಲು ನಮ್ಮದಲ್ಲ ಎಂದು ಸಭೆಯಲ್ಲಿ ಎಲ್ಲರಿಗೂ ಗೊತ್ತಾಯಿತು. ಜೂನಿನಲ್ಲಿ ಪಣಂಬೂರಿಗೆ ಹೋಗಿ ನೋಡಿ, ನೀರು ಹಾಲು ಕಡಿಮೆ ಬಿದ್ದ ಚಹಾದ ಹಾಗೆ ಇರುತ್ತದೆ. ಆ ಗಾಳಿಗೆ ಲ್ಯಾಪ್‌ಟಾಪ್ ಬಿಚ್ಚಿದರೆ ಅದು ಸೀದಾ ಬಂದರಿಗೆ ಹಾರೀತು. ಅದಿರಲಿ, ಸಿಲಿಕಾನ್ ಬರುವುದು ಮರಳಿನಿಂದ ಅಂತಲ್ಲವೇ? ಹಾಗಾದರೆ ನಮ್ಮ ಹೊಳೆಗಳಲ್ಲಿ ಈ ಸ್ಟಾರ್ಟಪ್ ಎಂದೋ ಶುರುವಾಗಿದೆ. ರಾತ್ರಿ ಪಾಳಿಯಲ್ಲೇ ಕೆಲಸ, ಲಾರಿಗೆ ಹೆಡ್‌ಲೈಟೂ ಇಲ್ಲ, ಸರಕಾರದ ಅನುದಾನ ಕೇಳಿದ್ದೂ ಇಲ್ಲ.

ಸಂಕಿರಣದ ಮುಖ್ಯ ಆವಿಷ್ಕಾರ ಊಟಕ್ಕೆ ಸ್ವಲ್ಪ ಮೊದಲು ಆಯಿತು. ಕೋಟು ಹಾಕಿದ ತರುಣರೊಬ್ಬರು ಒಂದು ಹೊಸ ಮಾದರಿ ಮುಂದಿಟ್ಟರು: ಸಣ್ಣ ವ್ಯಾಪಾರಿಯ ಬಾಗಿಲಿಗೇ ಹೋಗಿ ದಿನಕ್ಕೆ ಚೂರುಚೂರು ಹಣ ಸಂಗ್ರಹಿಸಿ, ಅದನ್ನು ಉಳಿತಾಯ ಮಾಡಿಸಿ, ಅದರ ಬಲದಲ್ಲಿ ಸಾಲ ಕೊಡುವುದು. ‘ಲಾಸ್ಟ್ ಮೈಲ್ ಮೈಕ್ರೋ ಸೇವಿಂಗ್ಸ್’ ಅಂದರು. ನನ್ನ ಪಕ್ಕದಲ್ಲಿ ಕೂತಿದ್ದವರು ನಮ್ಮ ಬೀದಿಯ ಪಿಗ್ಮಿ ಮಾಮ. ಮೂವತ್ತು ವರ್ಷ ಪಿಗ್ಮಿ ಕಲೆಕ್ಷನ್ ಮಾಡಿದವರು. ಮೈಕಿಗೆ ಕಾಯದೆ ಎದ್ದು ನಿಂತರು.

“ಅಲ್ಲ ಮಾರಾಯ್ರೆ, ಇದು ನಾನು ಸೈಕಲಿನಲ್ಲಿ ಮಾಡ್ತಾ ಇದ್ದದ್ದಲ್ವಾ?”

“ಗ್ರೇಟ್ ಇನ್‌ಪುಟ್ ಸರ್,” ಎಂದರು ತರುಣರು. “ನಿಮ್ಮದು ಯಾವ ಆ್ಯಪ್?”

ಮಾಮ ಕೂತರು. ಸಿಂಡಿಕೇಟ್ ಬ್ಯಾಂಕು ಉಡುಪಿಯಲ್ಲಿ ಹುಟ್ಟಿದ್ದು 1925ರಲ್ಲಿ, ಪಿಗ್ಮಿ ಶುರು ಮಾಡಿದ್ದು 1928ರಲ್ಲಿ. ದಿನಕ್ಕೆ ಎರಡಾಣೆಯಿಂದ. ಆಗ ಇಲ್ಲಿ ಕ್ಲಸ್ಟರು ಇರಲಿಲ್ಲ, ಸರಕಾರದ ಮಿಷನ್ನೂ ಇರಲಿಲ್ಲ. (ಒಂದು ಮಿಷನ್ ಇತ್ತು, ಬಾಸೆಲ್ ಮಿಷನ್. ಅವರು 1865ರಲ್ಲೇ ಹಂಚಿನ ಕಾರ್ಖಾನೆ ಹಾಕಿ ಕೂತಿದ್ದರು, ಸ್ಲೈಡು ತೋರಿಸದೆ.) ಕೆನರಾ ಬ್ಯಾಂಕು, ಕಾರ್ಪೊರೇಷನ್ ಬ್ಯಾಂಕು ಎರಡೂ 1906ರಲ್ಲಿ ಹುಟ್ಟಿದವು, ಕರ್ಣಾಟಕ ಬ್ಯಾಂಕು 1924ರಲ್ಲಿ, ವಿಜಯಾ ಬ್ಯಾಂಕು 1931ರಲ್ಲಿ. ಎರಡು ಜಿಲ್ಲೆಗಳಷ್ಟು ಜಾಗದಲ್ಲಿ ಐದು ಬ್ಯಾಂಕು. ಇದನ್ನು ಇವತ್ತು ಯಾರಾದರೂ ಮಾಡಿದ್ದರೆ ‘ಇಕೋಸಿಸ್ಟಂ’ ಎಂದು ಕರೆದು ಶಾಲು ಹೊದೆಸುತ್ತಿದ್ದೆವು.

ಮುಂದೆ ಏನಾಯಿತು ಗೊತ್ತುಂಟಲ್ಲ. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕು ಬರೋಡಾದ್ದಾಯಿತು. 2020ರ ಏಪ್ರಿಲ್ 1ಕ್ಕೆ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಳಗೆ, ಸಿಂಡಿಕೇಟು ಕೆನರಾದೊಳಗೆ. ತಾರೀಕು ನೋಡಿ ತಮಾಷೆ ಎಂದುಕೊಂಡವರು ಈಗಲೂ ಪಾಸ್‌ಬುಕ್ಕಿನ ಹೆಸರು ನೋಡಿ ತಲೆ ತುರಿಸಿಕೊಳ್ಳುತ್ತಾರೆ. ಮಣಿಪಾಲದಲ್ಲಿದ್ದ ಸಿಂಡಿಕೇಟಿನ ಪ್ರಧಾನ ಕಚೇರಿಯ ಅಧಿಕಾರ ಬೆಂಗಳೂರಿಗೆ, ಮಂಗಳೂರಿನ ಪಾಂಡೇಶ್ವರದಲ್ಲಿದ್ದ ಕಾರ್ಪೊರೇಷನ್ ಬ್ಯಾಂಕಿನದ್ದು ಮುಂಬೈಗೆ ಹೋಯಿತು. ಇದಾಗಿ ಸ್ವಲ್ಪ ಸಮಯಕ್ಕೇ ನಮ್ಮನ್ನು ಬೆಳೆಸುವ ಯೋಜನೆ ಬಂತು. ಬೆಳೆದದ್ದನ್ನು ಮೊದಲು ಕೊಯ್ದು ಆಮೇಲೆ ಬಿತ್ತುವುದು ಬಹುಶಃ ಹೊಸ ಬೇಸಾಯ.

ಪ್ರಶ್ನೋತ್ತರದಲ್ಲಿ ಒಬ್ಬರು ಸಂಪರ್ಕದ ವಿಷಯ ಎತ್ತಿದರು. ಮಂಗಳೂರು ಸೆಂಟ್ರಲ್ ನಿಲ್ದಾಣ ರೈಲ್ವೆಯ ಪಾಲಕ್ಕಾಡ್ ವಿಭಾಗದ್ದು, ಪಡೀಲು ಕಳೆದರೆ ಮೈಸೂರು ವಿಭಾಗ, ತೋಕೂರಿನಿಂದ ಕೊಂಕಣ ರೈಲ್ವೆ. ಒಂದು ಹೊಸ ರೈಲು ಬೇಕೆಂದರೆ ಯಾರ ಮನೆಯ ಬಾಗಿಲು ಬಡಿಯಬೇಕು ಎಂದು ಅವರ ಪ್ರಶ್ನೆ. ವೇದಿಕೆಯಲ್ಲಿದ್ದವರು “ಸಹಯೋಗ” ಎಂದರು. ಇನ್ನೊಬ್ಬರು ಯೋಜನೆ ಯಾವಾಗ ಮುಗಿದೀತು ಎಂದು ಕೇಳಿದರು. ಹಿಂದಿನ ಸಾಲಿನಿಂದ ಯಾರೋ “ಒಂದು ಪಂಪ್‌ವೆಲ್ ಬೇಕಾದೀತು” ಎಂದದ್ದಕ್ಕೆ ಇಡೀ ಸಭೆ ನಕ್ಕಿತು. ಬೆಂಗಳೂರಿನವರಿಗೆ ಅರ್ಥವಾಗಲಿಲ್ಲ. ಪಂಪ್‌ವೆಲ್ ನಮ್ಮಲ್ಲಿ ಕಾಲದ ಅಳತೆ ಸ್ವಾಮಿ. 2010ರಲ್ಲಿ ಶುರುವಾದ ಆ ಫ್ಲೈಓವರ್ ಮೇಲೆ ವಾಹನ ಬಿಟ್ಟದ್ದು 2020ರ ಜನವರಿ 31ಕ್ಕೆ.

ಕೊನೆಗೆ ಒಂದು ಕಾರ್ಯಪಡೆ ರಚನೆಯಾಯಿತು. ಮೊದಲ ಸಭೆ ಬೆಂಗಳೂರಿನಲ್ಲಿ. ಅಲ್ಲಿ ಯಾಕೆ ಎಂದು ಕೇಳಿದ್ದಕ್ಕೆ, ಎಲ್ಲರಿಗೂ ಅನುಕೂಲ ಎಂಬ ಉತ್ತರ ಬಂತು. ಸುಳ್ಳೇನಲ್ಲ. ಮಂಗಳೂರಿನವರು ಹೆಚ್ಚು ಸಿಗುವುದು ಅಲ್ಲಿಯೇ.

ಅದನ್ನು ಕಣ್ಣಾರೆ ನೋಡಬೇಕಾದರೆ ಭಾನುವಾರ ರಾತ್ರಿ ಒಂಬತ್ತೂವರೆಗೆ ಬಸ್‌ಸ್ಟಾಪಿಗೆ ಹೋಗಬೇಕು. ತಂಗಿಯ ಮಗನನ್ನು ಬಿಡಲು ನಾನು ಹೋಗಿದ್ದೆ. ಒಂದರ ಹಿಂದೆ ಒಂದು ಸ್ಲೀಪರ್ ಬಸ್ಸು, ಕೊಡೆ ಹಿಡಿದ ಅಮ್ಮಂದಿರು, ಡಿಕ್ಕಿಯಲ್ಲಿ ಕುಚ್ಚಲಕ್ಕಿಯ ಚೀಲ. ಸಂಕಿರಣದಲ್ಲಿ ಓಡಾಡುತ್ತಿದ್ದ ಹುಡುಗಿಯೊಬ್ಬಳು ಅಲ್ಲಿದ್ದಳು. ಹೆಗಲಲ್ಲಿ ‘ಮರಳಿ ಕಡಲಿಗೆ’ ಎಂದು ಅಚ್ಚಾದ, ಅಲ್ಲೇ ಹಂಚಿದ ಬಟ್ಟೆಚೀಲ. ಒಳಗಿಂದ ಕೋರಿರೊಟ್ಟಿಯ ಪ್ಯಾಕೆಟ್ ಇಣುಕುತ್ತಿತ್ತು.

“ಆ ಸ್ಲೈಡೆಲ್ಲ ಮಾಡಿದ್ದು ನಾನೇ ಅಂಕಲ್,” ಎಂದಳು. “ಬೆಂಗಳೂರಿನ ಆಫೀಸಿನಲ್ಲಿ ಕೂತು ಹುಡುಕಿದೆ. ನಮ್ಮ ಕಡಲಿನ ಫೋಟೋ ಹಾಕಿದ್ದೆ. ಬಾಸ್ ಹೇಳಿದ್ರು, ಇದು ಬೀಚ್ ಹಾಗೆ ಕಾಣ್ತಾ ಇಲ್ಲ ಅಂತ.”

ಅಷ್ಟರಲ್ಲಿ ಬಸ್ಸು ಬಂತು. ಶಿರಾಡಿ ಘಾಟಿ ಓಪನ್ ಉಂಟಾ ಎಂದು ನಾಲ್ಕೈದು ಅಮ್ಮಂದಿರು ಒಟ್ಟಿಗೇ ಕೇಳಿದರು.

“ಗುಡ್ಡ ಬಿದ್ದಿದೆಯಂತೆ ಅಕ್ಕ,” ಎಂದ ಕಂಡಕ್ಟರ್, ಚೀಲಗಳನ್ನು ಒಳಗೆ ತಳ್ಳುತ್ತಾ. “ಗುಂಡ್ಯದವರೆಗೆ ಹೋಗಿ ನೋಡುವ.”