ಕೊಬ್ಬರಿ ಹೆಚ್ಚುವವನ ಸಂಕ್ರಾಂತಿ

ಹಬ್ಬ ಮುಗಿದು ಎರಡು ದಿನವಾಯ್ತು. ಬಲಗೈ ಹೆಬ್ಬೆರಳಿನ ಗುಳ್ಳೆ ಇನ್ನೂ ಇಳಿದಿಲ್ಲ. ಅಡಕತ್ತರಿಯ ಕೊಡುಗೆ.

ಎಳ್ಳು-ಬೆಲ್ಲಕ್ಕೆ ಕೊಬ್ಬರಿ, ಅಚ್ಚುಬೆಲ್ಲ ಹೆಚ್ಚುವ ಕೆಲಸ ನಮ್ಮನೆಯಲ್ಲಿ ನನ್ನದು. ಹದಿನೈದು ದಿನ ಮೊದಲೇ ಶುರು. "ಅಂಗಡೀಲಿ ರೆಡಿ ಪ್ಯಾಕೆಟ್ ಸಿಗುತ್ತಲ್ವಾ?" ಎಂದು ಒಮ್ಮೆ ಕೇಳಿದ್ದೆ. ಅಮ್ಮ ಉತ್ತರ ಕೊಡಲಿಲ್ಲ. ಇನ್ನೆರಡು ಗಿಟುಕು ತಂದು ಮುಂದಿಟ್ಟಳು.

ಕೊಬ್ಬರಿಯ ಕಂದು ಸಿಪ್ಪೆಯನ್ನು ಚೂರೂ ಉಳಿಯದಂತೆ ಹೆರೆಯಬೇಕು. ಬೆಲ್ಲಕ್ಕೆ ಅಡಕತ್ತರಿಯೇ ಆಗಬೇಕು, ಚಾಕು ಹಾಕಿದರೆ ಪುಡಿ. ಪುಡಿಯಾದದ್ದು ಸಿಹಿ ಪೊಂಗಲ್‌ಗೆ. ಈ ಸಲ ಪೊಂಗಲ್ ಜಾಸ್ತಿ ಸಿಹಿಯಾಗಿತ್ತು. ತುಂಡು ಸ್ವಲ್ಪ ದೊಡ್ಡದಾದರೆ "ಇದೇನು ದನಕ್ಕೆ ಹಾಕೋಕಾ?" ಅಂತಾಳೆ. ಮಂಡ್ಯದ ಕಡೆ ದನಗಳಿಗೆ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು ಕಿಚ್ಚು ಹಾಯಿಸುತ್ತಾರೆ. ಆ ದನವೂ ಒಂದೇ ನೆಗೆತಕ್ಕೆ ಹಬ್ಬ ಮುಗಿಸುತ್ತೆ.

ಕೊಬ್ಬರಿಯನ್ನು ಟೆರೇಸಿನಲ್ಲಿ ಒಣಹಾಕಿ ಕಾಗೆ ಕಾಯುತ್ತಾ ಕೂತಿದ್ದೆ. ಮೂರನೇ ಮಹಡಿಯ ಗುಜರಾತಿ ಹುಡುಗರು ಗಾಳಿಪಟ ಹಿಡಿದು ಬಂದರು. ಅವರಿಗೆ ಇದು ಉತ್ತರಾಯಣ. ನಮಗೆ ಗಾಳಿಪಟ ಅಂದರೆ ಆಷಾಢ. "ಈಗೆಲ್ಲಿ ಗಾಳಿ ಇದೆಯಪ್ಪಾ?" ಅಂದೆ. ಗಾಳಿ ಇರಲಿಲ್ಲ. ಅದಕ್ಕೇ ಪಟ ನೆಟ್ಟಗೆ ನನ್ನ ಮೊರದ ಮೇಲೆ ಬಿತ್ತು.

ಕೆಳಗಿನ ಮನೆಯ ತಮಿಳು ಆಂಟಿಗೆ ಹಾಲು ಉಕ್ಕಿದರೆ ಹಬ್ಬ. "ಪೊಂಗಲೋ ಪೊಂಗಲ್" ಎಂದು ಮನೆಮಂದಿಯೆಲ್ಲ ಕೂಗುತ್ತಾರೆ. ಹಾಲು ಉಕ್ಕಿಸೋದು ನನಗೂ ಚೆನ್ನಾಗಿ ಬರುತ್ತೆ. ನಮ್ಮನೇಲಿ ಅದಕ್ಕೆ ಬೀಳೋದು ಬೈಗುಳ. ಪಂಜಾಬಿಗಳು ಜನವರಿ 13ರ ರಾತ್ರಿಯೇ ಲೋಹ್ರಿಯ ಬೆಂಕಿ ಹಾಕಿ ಕುಣಿಯುತ್ತಾರೆ. ಸರಿ, ಕುಣಿಯಲಿ.

ನನಗೆ ಹೊಟ್ಟೆ ಉರಿಯೋದು ಮರಾಠಿಗರನ್ನು ಕಂಡರೆ. ಅದೇ ಎಳ್ಳು, ಅದೇ ಬೆಲ್ಲ. ಪಾಕ ಮಾಡಿ ಉಂಡೆ ಕಟ್ಟಿದರೆ ಮುಗೀತು, ಅಡಕತ್ತರಿಯ ಗೋಜೇ ಇಲ್ಲ. ಮೇಲೆ "ತಿಳ್‌ಗುಳ್ ಘ್ಯಾ, ಗೋಡ್ ಗೋಡ್ ಬೋಲಾ" ಅಂತ ನಗು ಬೇರೆ. ಎಳ್ಳು-ಬೆಲ್ಲ ತಿಂದು ಒಳ್ಳೆ ಮಾತಾಡಿ ಅಂತ ನಾವೂ ಹೇಳುತ್ತೇವೆ. ಹೆಚ್ಚುವಾಗ ನಾನು ಆಡಿದ್ದು ಮಾತ್ರ ಇಲ್ಲಿ ಬರೆಯುವಂಥದ್ದಲ್ಲ.

ಸೂರ್ಯ ಒಬ್ಬನೇ, ಮಕರಕ್ಕೆ ಹೋಗೋದೂ ವರ್ಷಕ್ಕೆ ಒಂದೇ ಸಲ. ಕೆಲಸ ಮಾತ್ರ ಯಾಕೆ ಹೀಗೆ ಹಂಚಿಕೆಯಾಯ್ತು ಅಂತ ಯೋಚಿಸುತ್ತಾ ಕೂತಿದ್ದೆ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಅದೇ ಗಾಳಿಪಟದ ಹುಡುಗ. ಅಮ್ಮ ಬಟ್ಟಲು ತುಂಬ ಎಳ್ಳು-ಬೆಲ್ಲ ಕೊಟ್ಟಳು. ಅವನು ಬಣ್ಣದ ಜೀರಿಗೆ ಪೆಪ್ಪರ್‌ಮಿಂಟನ್ನಷ್ಟೇ ಆರಿಸಿ ತಿಂದು, ಬಟ್ಟಲನ್ನು ನನ್ನ ಕೈಗಿಟ್ಟ.

"ಅಂಕಲ್, ಇದು ಗಟ್ಟಿ."

ನಾನು ಏನೂ ಅನ್ನಲಿಲ್ಲ. ಬಾಯಿ ತುಂಬ ಎಳ್ಳಿತ್ತು.